ಸೋಮವಾರದ ಬಟವಡೆ

ನಮ್ಮ ಓಣಿಯಲ್ಲಿ ಕಳವು ಕಡಿಮೆಯಾಗಿದೆ. ಇದರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಇರುವುದು ಯಾರಿಂದ ಕಡಿಮೆಯಾಯಿತು ಎಂಬುದರ ಬಗ್ಗೆ. ವಾರ್ಡಿನ ಮುಖಂಡರು ತಾವು ಹಾಕಿಸಿದ ಹೈಮಾಸ್ಟ್ ದೀಪದಿಂದ ಎನ್ನುತ್ತಾರೆ. ಠಾಣೆಯವರು ಸಿಸಿ ಕ್ಯಾಮೆರಾದಿಂದ ಎನ್ನುತ್ತಾರೆ. ಆ ದೀಪ ಗಣಪತಿ ಹಬ್ಬ ಮುಗಿದ ಮೇಲೆ ಹತ್ತಿಲ್ಲ. ಕ್ಯಾಮೆರಾ ನೋಡುತ್ತಿರುವುದು ಬಂಗಾರದ ಅಂಗಡಿಯ ಬಾಗಿಲನ್ನು, ಓಣಿಯನ್ನಲ್ಲ. ಗೋಕುಲ ರೋಡಿನ ನನ್ನ ಲೇಥ್ ಶೆಡ್ಡಿನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ.

ಹಳೇಹುಬ್ಬಳ್ಳಿಯ ನಮ್ಮ ತಲೆಮಾರು ಮಿಲ್ಲಿನ ಭೋಂಗಾಕ್ಕೆ ಎದ್ದದ್ದು. ಅಪ್ಪ ಮಿಲ್ಲಿಗೆ ಹೋಗುತ್ತಿದ್ದ, ಕಾಕಾ ರೈಲ್ವೆ ವರ್ಕ್‌ಶಾಪಿಗೆ. ಇಬ್ಬರಿಗೂ ಯಾರೂ ಮಾರ್ಕ್ಸ್ ಕಾರ್ಡ್ ಕೇಳಿರಲಿಲ್ಲ. ಈಗ ರೈಲ್ವೆಗೆ ಅಪ್ರೆಂಟಿಸ್ ಆಗಬೇಕೆಂದರೆ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕ ನೋಡಿ ಪಟ್ಟಿ ಮಾಡುತ್ತಾರೆ. ಐಟಿಐಯಲ್ಲಿ ಫಿಟ್ಟರ್, ಟರ್ನರ್ ಕಲಿಯಲಿಕ್ಕೂ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎಂಟನೇತ್ತೆ ಮುಗಿಸಿದವನಿಗೆ ಸಿಗುವುದು ವೆಲ್ಡರ್‌ನಂಥ ಕೆಲವೇ ಟ್ರೇಡು. ಒಂಬತ್ತನೇತ್ತೆಯಲ್ಲಿ ಸಾಲಿ ಬಿಟ್ಟ ಹುಡುಗ ಏನು ಮಾಡಬೇಕು? ಹಗಲು ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುತ್ತಾನೆ, ರಾತ್ರಿ ಐಪಿಎಲ್ ಬೆಟ್ಟಿಂಗಿನವರ ಹಿಂದೆ ಓಡಾಡುತ್ತಾನೆ. ಸೋತ ದಿನ ಯಾರದೋ ಆಟೋದ ಬ್ಯಾಟರಿ ಬಿಚ್ಚುತ್ತಾನೆ.

ನನ್ನ ಶೆಡ್ಡಿಗೆ ಬಂದ ಮೊದಲ ಹುಡುಗ ಕೆಲಸ ಕೇಳಿಕೊಂಡು ಬಂದವನಲ್ಲ, ಕದಿಯಲು ಬಂದವನು. ಗನ್‌ಮೆಟಲ್ ಬುಶ್‌ಗಳ ಒಂದು ಚೀಲ ಎತ್ತಿಕೊಂಡು ಹೋಗಿ ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಕೊಟ್ಟಿದ್ದ. ಗುಜರಿಯವನು ಪರಿಚಯದವನು, ಫೋನ್ ಮಾಡಿದ. ಹುಡುಗನನ್ನು ಹಿಡಿದು ಕೂರಿಸಿದಾಗ ನನಗೆ ಸಿಟ್ಟು ಬಂದದ್ದು ಕಳವಿಗಿಂತ ಹೆಚ್ಚಾಗಿ ಆ ರೇಟಿಗೆ. ಒಂದೊಂದು ಬುಶ್ಶಿನ ಹಿಂದೆ ಅರ್ಧ ದಿನದ ಕೆಲಸ ಇತ್ತು. "ಇದನ್ನ ತೂಕಕ್ಕ ಮಾರಿದಿಯಲ್ಲೋ ಮಬ್ಬ" ಅಂದೆ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅವನಿಗಾಗ ಹದಿನೇಳು. ಹದಿನೆಂಟು ತುಂಬುವವರೆಗೆ ಯಂತ್ರದ ಮುಂದೆ ನಿಲ್ಲಿಸಲಿಲ್ಲ; ಕೈಗೆ ವರ್ನಿಯರ್ ಕೊಟ್ಟು ಅಳತೆ ಬರೆಯಲು ಹಚ್ಚಿದೆ. ಮೊದಲ ವಾರವೇ ಗೊತ್ತಾಯಿತು, ಅವನ ಪ್ರಕಾರ 25.4ಕ್ಕಿಂತ 25.38 ದೊಡ್ಡದು. ಮೂವತ್ತೆಂಟು ನಾಲ್ಕಕ್ಕಿಂತ ದೊಡ್ಡದಲ್ಲವೇ? ಎಂಟು ವರ್ಷ ಸಾಲಿಯಲ್ಲಿ ಕೂತರೂ ಇದನ್ನು ಯಾರೂ ಗಮನಿಸಿರಲಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸುವ ಗೋಜಿಗೆ ನಾನು ಹೋಗಲಿಲ್ಲ. 25.4ರ ಶಾಫ್ಟನ್ನು 25.38ರ ಬುಶ್ಶಿಗೆ ಹಾಕು ಅಂದೆ. ತಿರುಗಿಸಿದ, ತಿಣುಕಿದ, ಹೋಗಲಿಲ್ಲ. ದಶಮಾಂಶ ಅವನಿಗೆ ಬಂದದ್ದು ಅವತ್ತು. ಆಮೇಲೆ ನಮ್ಮ ಓಣಿಯ ನಿವೃತ್ತ ಅಕ್ಕೋರು ಸಂಜೆ ಪಾಠ ಹೇಳಿದರು. ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿಸಿದೆವು. 2024ರಲ್ಲಿ ಶುರುವಾಗಿದ್ದ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಆಗ ನಮಗೆ ದೊಡ್ಡ ಅನುಕೂಲವಾಯಿತು. ಗಣಿತ ಎರಡರಲ್ಲಿ ಹೋಗಿ ಮೂರನೆಯದರಲ್ಲಿ ದಾಟಿತು.

ಅವನ ಬೆನ್ನಿಗೆ ಇನ್ನಷ್ಟು ಹುಡುಗರು ಬಂದರು. ಎಲ್ಲರೂ ನಿಂತರು ಅಂತ ಹೇಳಲಾರೆ. ಒಬ್ಬ ಗೋವಾಕ್ಕೆ ಹೋದ, ಇನ್ನೊಬ್ಬ ಮತ್ತೆ ಬೆಟ್ಟಿಂಗಿಗೆ. ನಿಂತವರು ಯಾಕೆ ನಿಂತರು ಎಂದರೆ, ಜನ ನಗುತ್ತಾರೆ, ಬಟವಡೆಯ ದಿನದಿಂದ. ತಿಂಗಳ ಪಗಾರ ಅಂದರೆ ಹತ್ತನೇ ತಾರೀಖಿಗೆ ಹುಡುಗ ಸಾಲಕ್ಕೆ ಬಿದ್ದಿರುತ್ತಾನೆ, ಸಾಲ ಕೊಟ್ಟವನು ಕೆಲಸ ಹೇಳುತ್ತಾನೆ. ಶನಿವಾರ ಕೊಟ್ಟರೆ ರವಿವಾರಕ್ಕೆ ಕಿಸೆ ಖಾಲಿ. ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೊಡಲು ಶುರು ಮಾಡಿದೆ. ಸೋಮವಾರದ ಗೈರುಹಾಜರಿಯೂ ನಿಂತಿತು.

ಈಗ ಆ ಮೊದಲ ಹುಡುಗನನ್ನು ಪೊಲೀಸರು ಒಯ್ದ ರಾತ್ರಿಯ ಮಾತು. ಕಬ್ಬು ನುರಿಸುವ ಹಂಗಾಮು. ಸಕ್ಕರೆ ಕಾರ್ಖಾನೆಯೊಂದರ ಪಂಪಿನ ಶಾಫ್ಟ್ ಮುರಿದು ತುರ್ತಾಗಿ ಬಂದಿತ್ತು. ನಾನು, ಆ ಹುಡುಗ ಇಬ್ಬರೇ ಶೆಡ್ಡಿನಲ್ಲಿ. ಒಂದರ ಸುಮಾರಿಗೆ ಶಾಫ್ಟನ್ನು ಗಾಡಿಗೆ ಹೇರಿ ಕಳಿಸಿ ಮನೆಗೆ ಹೋಗಿ ಇನ್ನೂ ಕಾಲು ತೊಳೆದಿರಲಿಲ್ಲ, ಅವನ ತಾಯಿ ಬಾಗಿಲು ಬಡಿದಳು. ಹಿಂದಿನ ಓಣಿಯಲ್ಲಿ ಮದುವೆಗೆ ಹೋದವರ ಮನೆ ಕೀಲಿ ಮುರಿದಿದ್ದಾರೆ, ನನ್ನ ಮಗನನ್ನು ಒಯ್ದರು ಅಂದಳು.

ಠಾಣೆಯಲ್ಲಿ ಅವನು ನೆಲದ ಮೇಲೆ ಕೂತಿದ್ದ, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು. ಕಟಿಂಗ್ ಆಯಿಲ್ ಇನ್ನೂ ಉಗುರಿನಲ್ಲಿತ್ತು. ಪೇದೆ ಅದನ್ನೇ ತೋರಿಸಿ, "ಕೈ ನೋಡ್ರಿ ಹೆಂಗದಾವು, ಕೀಲಿ ಮುರದ ಕೈ" ಅಂದ. ಸಾಹೇಬರಿಗೆ ನಮಸ್ಕಾರ ಹೇಳಿ ಕೂತೆ. ಕೂತೇ ಇದ್ದೆ. ಅವರು ಯಾರದೋ ಜೊತೆ ಫೋನಿನಲ್ಲಿ ಬದ್ನಿಕಾಯಿ ರೇಟಿನ ಬಗ್ಗೆ ಮಾತಾಡುತ್ತಿದ್ದರು, ಸುಳ್ಳಲ್ಲ. ಕೊನೆಗೆ ನನ್ನ ಕಡೆ ತಿರುಗಿ, "ನಿಮಗೇನ್ ಗೊತ್ತು ಬಿಡ್ರಿ ಯಜಮಾನ್ರ. ಇವನ ಜಾತಕ ನಮ್ಮ ಕಡೆ ಐತಿ" ಅಂದರು. ಹದಿನಾರನೇ ವರ್ಷದಲ್ಲಿ ಆಟೋ ಬ್ಯಾಟರಿ ಕದ್ದ ಕೇಸು. ಬಾಲ ನ್ಯಾಯ ಮಂಡಳಿಯಲ್ಲಿ ಎಂದೋ ಮುಗಿದದ್ದು.

ಹಾಜರಿ ಪುಸ್ತಕ ತಂದಿದ್ದೆ, ಮುಂದಿಟ್ಟೆ. ಬಂದ ವೇಳೆ, ಹೋದ ವೇಳೆ, ಅವನ ಸಹಿ. ತಿರುವಿ ನೋಡಿ, "ಇದನ್ನ ಈಗ ಬರದೀರಿ" ಅಂದರು. ಮೈಯೆಲ್ಲ ಉರಿಯಿತು. ನಲವತ್ತು ವರ್ಷ ಮಾಡಿದ ದಂಧೆ, ಒಂದು ಚೆಕ್ ವಾಪಸು ಬಂದಿಲ್ಲ. ಆದರೂ ಕೈಮುಗಿದು, ಶಾಫ್ಟ್ ಒಯ್ದ ಗಾಡಿಯ ಚಲನ್ನು ತೋರಿಸಿದೆ; ಡ್ರೈವರನ ಸಹಿ, ವೇಳೆ ಎರಡೂ ಅದರಲ್ಲಿದ್ದವು. ಡ್ರೈವರನಿಗೆ ಫೋನ್ ಹಚ್ಚಿದರೆ ಎತ್ತುತ್ತಿಲ್ಲ. ಎತ್ತಿದ್ದು ಬೆಳಕು ಹರಿಯುವ ಹೊತ್ತಿಗೆ. ಅಷ್ಟರಲ್ಲಿ ಒಳಗಿನ ಕೋಣೆಗೆ ಹುಡುಗನನ್ನು ಎರಡು ಸಲ ಕರೆದೊಯ್ದಿದ್ದರು. ಅಲ್ಲಿ ಏನಾಯಿತು ಎಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ಅವನನ್ನು ಬಿಡಿಸಿಕೊಂಡು ಹೊರಗೆ ಬಂದಾಗ ತಾಯಿ ಕಟ್ಟೆಯ ಮೇಲೆ ಕೂತಿದ್ದಳು. ನನಗೆ ಹೇಳಿದ್ದು ಒಂದೇ ಮಾತು: "ಕಾಕಾ, ಇವತ್ತ ಅಂವ ಬರೂದು ತಡಾ ಆದ್ರ ಪಗಾರ ಕಡೀಬ್ಯಾಡ್ರಿ."

ಠಾಣೆಗೆ ಹೆಸರು ಕೊಟ್ಟವನು ನನ್ನ ಹೆಂಡತಿಯ ತಮ್ಮ. ಮೊದಲಿಂದಲೂ, "ಮಾಮಾ, ಕಳ್ಳರ ಕೈಯಾಗ ಕೀಲಿ ಕೊಟ್ಟೀರಿ" ಅನ್ನುತ್ತಿದ್ದವನು. ಆ ಯುಗಾದಿಗೆ ಅವನ ಮನೆಗೆ ನಾನು ಹೋಗಲಿಲ್ಲ.

ಪೊಲೀಸರ ಉಪಕಾರ ಅಲ್ಲಿಗೇ ಮುಗಿಯಲಿಲ್ಲ. ಮುಂದೆ ಧಾರವಾಡದ ದೊಡ್ಡ ಕಾರ್ಖಾನೆಯೊಂದು ಅವನನ್ನು ತೆಗೆದುಕೊಳ್ಳಲು ಒಪ್ಪಿ ಪೊಲೀಸ್ ವೆರಿಫಿಕೇಶನ್ ಕೇಳಿತು. ಅದರಲ್ಲಿ ಮತ್ತೆ ಅದೇ ಬ್ಯಾಟರಿ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ, ಮುಗಿದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಹೊರಗೆಡಹುವಂತಿಲ್ಲ. ನನಗೆ ಇದನ್ನು ಹೇಳಿಕೊಟ್ಟವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪುಕ್ಕಟೆ ವಕೀಲರು. ಠಾಣೆಯಲ್ಲಿ ಕಲಂ ಓದಿ ಹೇಳಿದರೆ, "ಇಲ್ಲಿ ರೂಢಿ ಹಂಗೈತ್ರಿ" ಅಂದರು. ಪತ್ರ ಬರೆದು ತಿದ್ದಿಸಿದೆವು. ಅಷ್ಟರಲ್ಲಿ ಕಾರ್ಖಾನೆಯ ಪಟ್ಟಿ ತುಂಬಿತ್ತು. ಸರ್ಕಾರ ಒಂದು ಕೈಯಲ್ಲಿ ಕೌಶಲ್ಯ ಮೇಳ ನಡೆಸುತ್ತದೆ, ಇನ್ನೊಂದು ಕೈಯಲ್ಲಿ ಹೀಗೆ ಮಾಡುತ್ತದೆ.

ನನ್ನ ಹಾಗೆ ಮಾಡಬೇಕೆನ್ನುವವರಿಗೆ ಹೇಳುವುದು ಇಷ್ಟು. ಹಾಜರಿ ಪುಸ್ತಕದಲ್ಲಿ ಆಯಾ ಹೊತ್ತಿನ ಸಹಿ ಆಯಾ ಹೊತ್ತಿಗೇ ಹಾಕಿಸಿ, ಚಲನ್ನು ಬಿಸಾಡಬೇಡಿ. ಹುಡುಗರ ಹಳೇ ಕೇಸಿನಲ್ಲಿ ಮಂಡಳಿ ಕೊಟ್ಟ ಆದೇಶದ ಪ್ರತಿ ಮೊದಲೇ ತೆಗೆದಿಟ್ಟುಕೊಳ್ಳಿ. ಲೇಥ್ ಒಗ್ಗದವರನ್ನು ರುಡ್‌ಸೆಟ್ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಕಳಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ಊಟ ವಸತಿ ಸಮೇತ ಪುಕ್ಕಟೆ ಕಲಿಸುತ್ತಾರೆ. ಮತ್ತೆ, ಸೋಮವಾರ.

ಮೊನ್ನೆ ಭಾವಮೈದುನ ತನ್ನ ಮಗನನ್ನು ಕರೆದುಕೊಂಡು ಬಂದಿದ್ದ. ಒಂಬತ್ತನೇತ್ತೆ ಫೇಲು, ರಾತ್ರಿ ಮನೆಗೆ ಬರುವ ಹೊತ್ತಿಗೆ ಲೆಕ್ಕವಿಲ್ಲ. ನನ್ನ ಶೆಡ್ಡಿನಲ್ಲಿ ಹೊಸ ಹುಡುಗರಿಗೆ ಕೆಲಸ ತೋರಿಸುವವನು ಈಗ ಅದೇ ಗನ್‌ಮೆಟಲ್ ಹುಡುಗ. ಅವನನ್ನು ಕೇಳು, ಅವನು ಹೂಂ ಅಂದರೆ ನನ್ನದೇನೂ ಇಲ್ಲ ಎಂದು ಹೇಳಿ ಕಳಿಸಿದ್ದೇನೆ. ಇನ್ನೂ ಕೇಳಿಲ್ಲವಂತೆ.