ಹುಣಸೆಹಣ್ಣು ಹಚ್ಚುವ ಮುಂಚೆ: ಹಳೆ ತಾಮ್ರದ ನಾಣ್ಯದ ಗ್ರೇಡಿಂಗ್ ಮತ್ತು ಕ್ಲೀನಿಂಗ್

ಹಬ್ಬದ ಹಿಂದಿನ ದಿನ ಮನೆಯಲ್ಲಿ ತಾಮ್ರದ ಚೊಂಬು ಹೇಗೆ ತೊಳೀತಾರೆ ಅಂತ ಎಲ್ಲರಿಗೂ ಗೊತ್ತು. ಹುಣಸೆಹಣ್ಣು, ಒಂದು ಚಿಟಿಕೆ ಉಪ್ಪು ಹಾಕಿ ಎರಡು ನಿಮಿಷ ಉಜ್ಜಿದರೆ ಚೊಂಬು ಹೊಸದರ ಹಾಗೆ ಹೊಳೆಯುತ್ತೆ. ಕಳೆದ ಸೆಮಿಸ್ಟರ್‌ನಲ್ಲಿ ನಾವು ಇದೇ ಜ್ಞಾನವನ್ನು ಇನ್ನೂರು ವರ್ಷಕ್ಕಿಂತ ಹಳೆಯ ಒಂದು ನಾಣ್ಯದ ಮೇಲೆ ಪ್ರಯೋಗ ಮಾಡಿದೆವು.

ಆಗಿದ್ದು ಇಷ್ಟು. ನಮ್ಮ ಹಾಸ್ಟೆಲ್ ಗೆಳೆಯನಿಗೆ ಅವನ ಅಜ್ಜಿ ಎರಡು ತಾಮ್ರದ ನಾಣ್ಯ ಕೊಟ್ಟು, "ಮಾರಿ ಫೀಸ್ ಕಟ್ಕೋ ಮಗಾ" ಅಂದಿದ್ದರು. ಎರಡರಲ್ಲೂ ಒಂದು ಕಡೆ ಆನೆ, ಇನ್ನೊಂದು ಕಡೆ ಪರ್ಷಿಯನ್ ಅಕ್ಷರ. ಕಪ್ಪಗಿದ್ದರೆ ಯಾರು ತಗೋತಾರೆ ಅಂತ ಒಂದನ್ನು ಚೆನ್ನಾಗಿ ಉಜ್ಜಿ ಗುಲಾಬಿ ಬಣ್ಣಕ್ಕೆ ತಂದೆವು. ಊಟದ ಹೊತ್ತಾಯಿತು ಅಂತ ಇನ್ನೊಂದನ್ನು ಹಾಗೇ ಬಿಟ್ಟೆವು. ನಾಣ್ಯದ ವ್ಯಾಪಾರಿಯೊಬ್ಬರು ಎರಡನ್ನೂ ಲೆನ್ಸ್ ಹಿಡಿದು ನೋಡಿದರು. ನಾವು ಉಜ್ಜಿದ ನಾಣ್ಯಕ್ಕೆ ಹೇಳಿದ ಬೆಲೆ ಉಜ್ಜದೇ ಇದ್ದದ್ದರ ಅರ್ಧಕ್ಕಿಂತ ಕಡಿಮೆ! ಯಾಕೆ ಹೀಗೆ ಅಂತ ಕೇಳಿ, ಓದಿ, ಲ್ಯಾಬ್‌ನಲ್ಲಿ ನೋಡಿ ಕಲಿತದ್ದನ್ನು ಇಲ್ಲಿ ಬರೀತಿದ್ದೇವೆ.

ಮೊದಲು ನಾಣ್ಯ ಯಾವುದು ಅಂತ ತಿಳಿಯಿರಿ

ನಮ್ಮ ಕೈಲಿದ್ದದ್ದು ಟಿಪ್ಪು ಸುಲ್ತಾನನ (ಆಳ್ವಿಕೆ 1782ರಿಂದ 1799) ತಾಮ್ರದ ಪೈಸೆ. ಟಿಪ್ಪು ತನ್ನ ನಾಣ್ಯಗಳಿಗೆ ಗ್ರಹ, ನಕ್ಷತ್ರಗಳ ಹೆಸರನ್ನೂ ಇಟ್ಟಿದ್ದ. ಪೈಸೆಗೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ. ಇನ್ನೊಂದು ಮಜಾ ಇದೆ. 1787ರ ಸುಮಾರಿಗೆ ಅವನು ಮೌಲೂದಿ ಎಂಬ ಹೊಸ ಶಕೆ ತಂದ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಅನ್ನೋ ವರ್ಷ ನಮ್ಮ ಕಣ್ಣಿಗೆ 5121 ಅಂತ ಕಾಣುತ್ತೆ.

ಆನೆ ಕಂಡ ಕೂಡಲೇ ಟಿಪ್ಪು ಅನ್ನಬೇಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೂ ಆನೆ ಇದೆ, ಅದರಲ್ಲಿ ಕನ್ನಡ ಅಕ್ಷರ ಇರುತ್ತೆ. ಟಿಪ್ಪುವಿನ ಪೈಸೆಗಳೆಲ್ಲ ಅಪರೂಪವೂ ಅಲ್ಲ. ಶ್ರೀರಂಗಪಟ್ಟಣದ ಟಂಕಸಾಲೆಯವು ಬೇಕಾದಷ್ಟು ಸಿಗುತ್ತವೆ, ಬೇರೆ ಕೆಲವು ಟಂಕಸಾಲೆಯವು ಕಷ್ಟ. ಆದ್ದರಿಂದ ಟಂಕಸಾಲೆಯ ಹೆಸರು ಮತ್ತು ವರ್ಷ ಓದೋಕೆ ಆಗುತ್ತಾ ಅನ್ನೋದು ಬೆಲೆಗೆ ಬಹಳ ಮುಖ್ಯ. ಉಜ್ಜಿದಾಗ ಮೊದಲು ಸವೆಯೋದು ಇದೇ ಅಕ್ಷರಗಳು!

ಅಸಲಿಯೋ ನಕಲಿಯೋ ನೋಡೋಕೆ ನಮ್ಮ ಫಿಸಿಕ್ಸ್ ಸಾಕು. ಬೀಕರ್‌ನಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ, ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದ ಹಾಗೆ ಮುಳುಗಿಸಿ. ತಕ್ಕಡಿ ತೋರಿಸೋ ಗ್ರಾಂ ಎಷ್ಟೋ, ನಾಣ್ಯದ ಗಾತ್ರ ಅಷ್ಟೇ ಘನ ಸೆಂಟಿಮೀಟರ್. ನಮ್ಮ ನಾಣ್ಯ 11.2 ಗ್ರಾಂ ಇತ್ತು, ತಕ್ಕಡಿ 1.26 ತೋರಿಸಿತು. ಭಾಗಿಸಿದರೆ ಸಾಂದ್ರತೆ ಸುಮಾರು 8.89. ಶುದ್ಧ ತಾಮ್ರದ್ದು 8.96. ಹಿತ್ತಾಳೆಯಾಗಿದ್ದರೆ 8.5ರ ಆಸುಪಾಸು ಬರುತ್ತಿತ್ತು. ತಾಮ್ರದಲ್ಲೇ ಎರಕ ಹೊಯ್ದ ನಕಲಿ ಈ ಪರೀಕ್ಷೆಯಲ್ಲಿ ಪಾಸಾಗಬಹುದು. ಅದಕ್ಕೆ ಅಂಚಿನಲ್ಲಿ ಜೋಡಣೆಯ ಗೆರೆ, ಮೈಮೇಲೆ ಸಣ್ಣ ಗುಳ್ಳೆ ಇದೆಯಾ ಅಂತ ಲೆನ್ಸ್‌ನಲ್ಲಿ ನೋಡಿ.

ಗ್ರೇಡಿಂಗ್ ಮೊದಲು, ಕ್ಲೀನಿಂಗ್ ಆಮೇಲೆ

ಈಗ ಜಗತ್ತಿನಲ್ಲಿ ಹೆಚ್ಚಾಗಿ ಬಳಸೋ 70 ಅಂಕದ ಗ್ರೇಡಿಂಗ್ ಹುಟ್ಟಿದ್ದೇ ತಾಮ್ರದ ನಾಣ್ಯಕ್ಕಾಗಿ. 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆ ದೊಡ್ಡ ಸೆಂಟ್‌ಗಳಿಗೆ ಅದನ್ನು ಮಾಡಿದರು. 1 ಅಂಕದ ನಾಣ್ಯಕ್ಕಿಂತ 70 ಅಂಕದ್ದಕ್ಕೆ 70 ಪಟ್ಟು ಬೆಲೆ ಅನ್ನೋದು ಅವರ ಮೂಲ ಲೆಕ್ಕ. ನಮ್ಮಲ್ಲಿ ವ್ಯಾಪಾರಿಗಳು ಅಂಕಿಗಿಂತ ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್ ಅಂತ ಹೇಳೋದೇ ಹೆಚ್ಚು.

ಆನೆ ನೋಡಿಕೊಂಡು ಹೀಗೆ ಅಂದಾಜು ಮಾಡಬಹುದು. ಆನೆಯ ಹೊರಗೆರೆ ಮಾತ್ರ ಉಳಿದಿದ್ದರೆ ಕೆಳಗಿನ ದರ್ಜೆ. ಕಾಲು, ಸೊಂಡಿಲು ಬಿಡಿಬಿಡಿಯಾಗಿ ಕಂಡು, ಕಿವಿ ಸವೆದಿದ್ದರೆ ಫೈನ್. ಕಿವಿಯ ಅಂಚು, ಬಾಲ ಸ್ಪಷ್ಟ ಇದ್ದರೆ ವೆರಿ ಫೈನ್. ಕಣ್ಣು, ಸುತ್ತಲಿನ ಚುಕ್ಕಿಗಳು ಚೂಪಾಗಿದ್ದು, ಉಬ್ಬಿದ ಜಾಗ ಮಾತ್ರ ಚೂರು ಸವೆದಿದ್ದರೆ ಎಕ್ಸ್‌ಟ್ರಾ ಫೈನ್.

ಇಲ್ಲಿ ಹೊಸಬರು ಎಡವೋ ಜಾಗ ಒಂದಿದೆ. ಇವು ಮೆಷಿನ್ನಿನಲ್ಲಿ ಅಲ್ಲ, ಸುತ್ತಿಗೆ ಏಟಿನಿಂದ ಟಂಕಿಸಿದ ನಾಣ್ಯಗಳು. ಏಟು ಓರೆಯಾದರೆ ಒಂದು ಬದಿ ಚಿತ್ರ ಮೂಡೋದೇ ಇಲ್ಲ. ಅದು ಸವೆತ ಅಲ್ಲ. ಸವೆತ ಯಾವಾಗಲೂ ಉಬ್ಬಿದ ಜಾಗದಿಂದ ಶುರುವಾಗಿ ನುಣುಪಾಗಿರುತ್ತೆ. ಏಟು ಬೀಳದ ಜಾಗ ಮಾತ್ರ ಒರಟಾಗೇ ಇರುತ್ತೆ, ಪಕ್ಕದ ಗೆರೆ ಚೂಪಾಗಿರುತ್ತೆ. ದೀಪವನ್ನು ಒಂದು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತೆ.

ಕಪ್ಪು ಕೊಳೆಯಲ್ಲ

ನಾವು ಮಾಡಿದ ದೊಡ್ಡ ತಪ್ಪು ಬಣ್ಣವನ್ನು ಕೊಳೆ ಅಂದುಕೊಂಡಿದ್ದು. ತಾಮ್ರ ಗಾಳಿಗೆ ಮೊದಲು ಕೆಂಪು ಕಂದು ಕ್ಯುಪ್ರಸ್ ಆಕ್ಸೈಡ್ ಆಗುತ್ತೆ, ಅದರ ಮೇಲೆ ಕಪ್ಪು ಕ್ಯುಪ್ರಿಕ್ ಆಕ್ಸೈಡ್. ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ಸೇರಿದರೆ ಹಸಿರು ಕಾರ್ಬೊನೇಟ್. ಈ ಪದರಕ್ಕೆ ಪ್ಯಾಟಿನಾ ಅಂತಾರೆ. ಅದರಲ್ಲಿರೋ ತಾಮ್ರ ಎಲ್ಲಿಂದ ಬಂತು? ನಾಣ್ಯದಿಂದಲೇ. ಎಷ್ಟೋ ಸಲ ಅಕ್ಷರದ ನಯವಾದ ಗೆರೆಗಳು ಉಳಿದಿರೋದು ಆ ಪದರದಲ್ಲೇ. ಹುಣಸೆಹಣ್ಣಿನ ಟಾರ್ಟಾರಿಕ್ ಆಸಿಡ್ ಅದನ್ನು ಕರಗಿಸಿದಾಗ ನಾಣ್ಯದ ಮೈಯೇ ಕರಗಿ ಹೋಗುತ್ತೆ. ಇನ್ನೂರು ವರ್ಷದ ಪದರ ಮತ್ತೆ ಬೇಕೆಂದರೆ ಬರಲ್ಲ. ಅದಕ್ಕೇ ದೊಡ್ಡ ಗ್ರೇಡಿಂಗ್ ಸಂಸ್ಥೆಗಳು ಒರಟಾಗಿ ಉಜ್ಜಿದ ನಾಣ್ಯಕ್ಕೆ ಅಂಕ ಕೊಡದೆ, ಕ್ಲೀನ್ ಮಾಡಲಾಗಿದೆ ಅಂತ ಬರೆದು ಕಳಿಸುತ್ತವೆ.

ಉಪ್ಪು ಹಾಕಿದ್ದು ಇನ್ನೂ ಕೆಟ್ಟದು. ಎರಡು ವಾರ ಆದಮೇಲೆ ನಾವು ಉಜ್ಜಿದ ನಾಣ್ಯದ ಮೇಲೆ ತಿಳಿ ಹಸಿರು ಪುಡಿ ಬಂತು. ಒರೆಸಿದರೂ ಮತ್ತೆ ಬಂತು. ಇದಕ್ಕೆ ಬ್ರಾಂಜ್ ಡಿಸೀಸ್ ಅಂತ ಹೆಸರು. ಉಪ್ಪಿನ ಕ್ಲೋರೈಡ್‌ನಿಂದ ಕ್ಯುಪ್ರಸ್ ಕ್ಲೋರೈಡ್ ಆಗುತ್ತೆ. ಅದು ತೇವ, ಆಕ್ಸಿಜನ್ ಜೊತೆ ಸೇರಿ ಹಸಿರು ಪುಡಿಯಾಗುವಾಗ ಹೈಡ್ರೋಕ್ಲೋರಿಕ್ ಆಸಿಡ್ ಬಿಡುತ್ತೆ. ಆ ಆಸಿಡ್ ಮತ್ತೆ ತಾಮ್ರವನ್ನು ತಿಂದು ಹೊಸ ಕ್ಲೋರೈಡ್ ಮಾಡುತ್ತೆ. ಹೀಗೆ ಚಕ್ರ ತಿರುಗುತ್ತಾ ನಾಣ್ಯದಲ್ಲಿ ಗುಂಡಿ ಬೀಳುತ್ತೆ. ಗಟ್ಟಿಯಾದ, ಅಂಟಿಕೊಂಡ ಕಡು ಹಸಿರು ಕಿಲುಬಿನಿಂದ ಭಯ ಇಲ್ಲ. ಪುಡಿಪುಡಿಯಾಗಿ ಉದುರೋ ತಿಳಿ ಹಸಿರು ಕಂಡರೆ ನಾಣ್ಯವನ್ನು ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ತಜ್ಞರಿಗೆ ತೋರಿಸಿ.

ಹಾಗಾದರೆ ಏನು ಮಾಡಬಹುದು?

ನಿಯಮ ಒಂದೇ. ನಾಣ್ಯದ್ದಲ್ಲದ ವಸ್ತುವನ್ನು ಮಾತ್ರ ತೆಗೆಯಬೇಕು: ಮಣ್ಣು, ಎಣ್ಣೆ, ಕುಂಕುಮ, ಪ್ಲಾಸ್ಟಿಕ್ ಕವರಿನ ಅಂಟು.

1. ಮೊದಲು ಎರಡೂ ಬದಿ ಫೋಟೋ ತೆಗೆಯಿರಿ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ.

2. ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ನೀರು ಬದಲಿಸುತ್ತಾ ಇರಿ. ನಲ್ಲಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತೆ. ಸಡಿಲಾದ ಮಣ್ಣನ್ನು ಮರದ ಟೂತ್‌ಪಿಕ್‌ನಿಂದ ನಿಧಾನಕ್ಕೆ ಎಬ್ಬಿಸಿ. ಸೂಜಿ, ಸ್ಟೀಲ್ ಬ್ರಷ್, ಟೂತ್‌ಪೇಸ್ಟ್ ಬೇಡವೇ ಬೇಡ.

3. ಎಣ್ಣೆ, ಅಂಟು ಇದ್ದರೆ ಶುದ್ಧ ಅಸಿಟೋನ್. ಅದು ಅಂಟನ್ನು ಕರಗಿಸುತ್ತೆ, ತಾಮ್ರದ ತಂಟೆಗೆ ಹೋಗಲ್ಲ. ಬೇಗ ಬೆಂಕಿ ಹತ್ತೋ ವಸ್ತು, ಆದ್ದರಿಂದ ಕಿಟಕಿ ತೆಗೆದು, ಗಾಜಿನ ಪಾತ್ರೆಯಲ್ಲಿ ಮಾಡಿ. ನೇಲ್ ಪಾಲಿಶ್ ರಿಮೂವರ್ ಬೇಡ, ಅದರಲ್ಲಿ ಬಣ್ಣ, ಸುವಾಸನೆ ಎಲ್ಲ ಬೆರೆತಿರುತ್ತೆ.

4. ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಪಿವಿಸಿ ಇಲ್ಲದ ಕವರಿನಲ್ಲಿಡಿ.

ಅನುಮಾನ ಬಂದರೆ ಏನೂ ಮಾಡದೆ ಬಿಡೋದೇ ಒಳ್ಳೇದು. ಮಾಡದ ಕ್ಲೀನಿಂಗ್ ನಾಳೆಯೂ ಮಾಡಬಹುದು.

ಮಾರುವಾಗ

1972ರ ಪುರಾತನ ವಸ್ತುಗಳ ಕಾಯಿದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸೋ ಹಾಗಿಲ್ಲ, ಅದರ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು. ನೆಲ ಅಗೆಯುವಾಗ ಸಿಕ್ಕಿದ ನಾಣ್ಯಗಳಾದರೆ ನಿಧಿ ಕಾನೂನು ಬರುತ್ತೆ, ಸರ್ಕಾರಕ್ಕೆ ತಿಳಿಸಬೇಕು. ಇನ್ನೊಂದು ಮಾತು: ನೀವು ಏನಾದರೂ ಕ್ಲೀನ್ ಮಾಡಿದ್ದರೆ ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ. ಕೃತಕ ಬಣ್ಣ ಹಾಕಿ ಹಳೆಯದು ಅಂತ ತೋರಿಸೋದು ಮೋಸವೇ.

ನಮ್ಮ ಗೆಳೆಯ ಉಜ್ಜದ ನಾಣ್ಯ ಮಾರಿದ. ಉಜ್ಜಿದ್ದು ಈಗಲೂ ಸಿಲಿಕಾ ಜೆಲ್ ಡಬ್ಬಿಯಲ್ಲಿ ಅವನ ಹತ್ತಿರವೇ ಇದೆ. ಅಜ್ಜಿಗೆ ಹೇಳಿದಾಗ ಅವರು ನಕ್ಕು, "ನನ್ನ ಕೇಳಿದ್ರೂ ನಾನೂ ಹುಣಸೆಹಣ್ಣೇ ಹಾಕು ಅಂತಿದ್ದೆ" ಅಂದರಂತೆ. ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಹಳೆ ಡಬ್ಬಿಯಲ್ಲಿ ಆನೆ ಕಂಡರೆ, ಕಪ್ಪಗೇ ಇರಲಿ ಬಿಡಿ. ಫೋಟೋ ತೆಗೆದು ತನ್ನಿ, ಎಲ್ಲರೂ ಕೂತು ಅದರ ವರ್ಷ ಓದೋಣ.