ವಂಶಪಾರಂಪರ್ಯವಾಗಿ ಕೂದಲುದುರುವಿಕೆ: ದಂಪತಿಗಳು ತಿಳಿದಿರಬೇಕಾದ ವಿಷಯಗಳು

ಆರೋಗ್ಯ ಕೇಂದ್ರಕ್ಕೆ ಬರುವ ದಂಪತಿಗಳು ಕೂದಲಿನ ವಿಷಯವನ್ನು ಸಾಮಾನ್ಯವಾಗಿ ಕೊನೆಗೆ ಎತ್ತುತ್ತಾರೆ. ಮಗುವಿನ ಲಸಿಕೆ, ಜ್ವರ, ಕೆಮ್ಮು ಎಲ್ಲವೂ ಮುಗಿದ ಮೇಲೆ, "ಇವಳ ಕೂದಲು ಬಹಳ ಉದುರುತ್ತಿದೆ, ಏನಾದರೂ ಬರೆದುಕೊಡಿ" ಎಂದು ಗಂಡ ಕೇಳುತ್ತಾನೆ. ತನ್ನ ನೆತ್ತಿಯ ಮಾತನ್ನು ಮಾತ್ರ ಅವನು ಆಡುವುದಿಲ್ಲ. ಕೂದಲುದುರುವಿಕೆಯಿಂದ ಪ್ರಾಣಕ್ಕೆ ಅಪಾಯವಿಲ್ಲವೆಂಬುದು ನಿಜ. ಆದರೆ ಇದರ ಹೆಸರಿನಲ್ಲಿ ಸಂಸಾರದ ಹಣ ನೀರಿನಂತೆ ಖರ್ಚಾಗುತ್ತದೆ, ಸಂತಾನ ನಿಯಂತ್ರಣದ ಕ್ರಮಗಳ ಬಗ್ಗೆ ಸುಳ್ಳು ಭಯ ಹಬ್ಬುತ್ತದೆ, ಕೆಲವು ವೇಳೆ ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲ ಮಾತ್ರೆಗಳು ಯಾರ ಸಲಹೆಯೂ ಇಲ್ಲದೆ ಮನೆಯೊಳಗೆ ಸೇರುತ್ತವೆ. ಆದುದರಿಂದ ಗಂಡಹೆಂಡಿರಿಬ್ಬರೂ ಇದನ್ನು ಕುಳಿತು ಓದಬೇಕೆಂದು ಕೋರುತ್ತೇನೆ.

ಕೂದಲು ಬೆಳೆಯುವ ಕ್ರಮ

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಚರ್ಮದೊಳಗಿನ ಒಂದು ಸಣ್ಣ ಚೀಲದಂತಹ ಬುಡದಿಂದ ಹುಟ್ಟುತ್ತದೆ. ಈ ಬುಡವು 2ರಿಂದ 6 ವರ್ಷಗಳವರೆಗೆ ಎಡೆಬಿಡದೆ ಕೂದಲನ್ನು ಬೆಳೆಸುತ್ತದೆ. ಬೆಳವಣಿಗೆ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು. ಆಮೇಲೆ ಎರಡು ಮೂರು ವಾರಗಳಲ್ಲಿ ಬುಡ ಮುದುಡಿ, ಸುಮಾರು ಮೂರು ತಿಂಗಳು ವಿಶ್ರಾಂತಿ ಪಡೆಯುತ್ತದೆ. ವಿಶ್ರಾಂತಿಯ ಕೊನೆಗೆ ಹಳೆಯ ಕೂದಲು ಉದುರಿ ಅದೇ ಸ್ಥಳದಲ್ಲಿ ಹೊಸದು ಮೊಳೆಯುತ್ತದೆ. ಹೀಗೆ ದಿನವೊಂದಕ್ಕೆ 50ರಿಂದ 100 ಕೂದಲುಗಳು ಉದುರುವುದು ಸಹಜ. ವಾರಕ್ಕೊಮ್ಮೆ ಮಾತ್ರ ತಲೆಗೆ ನೀರು ಹಾಕಿಕೊಳ್ಳುವ ಹೆಂಗಸರಿಗೆ ಆ ದಿನ ಹಲವು ದಿನಗಳ ಕೂದಲು ಒಟ್ಟಿಗೆ ಕೈಗೆ ಬರುತ್ತದೆ. ಪಾತ್ರೆಯವನಿಗೆ ಕೊಡಲೆಂದು ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಕೂದಲಿನ ಉಂಡೆ ದೊಡ್ಡದಾಯಿತೆಂದ ಮಾತ್ರಕ್ಕೆ ಗಾಬರಿಪಡಬೇಕಾಗಿಲ್ಲ.

ಬೋಳು ಏಕೆ ಬರುತ್ತದೆ?

ಗಂಡಸರಲ್ಲಿ ಮೊದಲು ಹಣೆಯ ಎರಡು ಮೂಲೆಗಳು ಹಿಂದಕ್ಕೆ ಸರಿಯುತ್ತವೆ. ಅನಂತರ ನೆತ್ತಿ ತೆಳ್ಳಗಾಗುತ್ತದೆ. ಕೆಲವರಲ್ಲಿ ಇವೆರಡೂ ಕೂಡಿಕೊಂಡು, ಕಿವಿಗಳ ಮೇಲೂ ಹಿಂದಲೆಯಲ್ಲಿಯೂ ಮಾತ್ರ ಕೂದಲು ಉಳಿಯುತ್ತದೆ. ಹೆಂಗಸರಲ್ಲಿ ಹಣೆಯ ಅಂಚು ಬಹುಮಟ್ಟಿಗೆ ಹಾಗೆಯೇ ಉಳಿದು, ಬೈತಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ, ಜಡೆ ಸಣ್ಣದಾಗುತ್ತದೆ, ಪೂರ್ಣ ಬೋಳಾಗುವುದು ಅಪರೂಪ. ಹೀಗೆ ಒಂದು ನಿರ್ದಿಷ್ಟ ಮಾದರಿಯಲ್ಲಿ ನಿಧಾನವಾಗಿ ಕೂದಲು ಕಡಿಮೆಯಾಗುವುದನ್ನೇ ವಂಶಪಾರಂಪರ್ಯ ಕೂದಲುದುರುವಿಕೆ ಎನ್ನುತ್ತೇವೆ.

ಇದರ ಮೂಲವನ್ನು ಅರಿಯಲು ನೆರವಾದ ಮಹತ್ವದ ಅಧ್ಯಯನವೊಂದನ್ನು ಅಮೆರಿಕದ ಅಂಗರಚನಾ ತಜ್ಞ ಜೇಮ್ಸ್ ಹ್ಯಾಮಿಲ್ಟನ್ ಎಂಬುವರು 1942ರಲ್ಲಿ ಪ್ರಕಟಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣಗಳನ್ನು ಕಳೆದುಕೊಂಡ ಗಂಡಸರು ಬೋಳಾಗುವುದಿಲ್ಲ. ಅಂತಹವರಿಗೆ ಗಂಡು ಹಾರ್ಮೋನನ್ನು ಕೊಟ್ಟರೆ, ಮನೆತನದಲ್ಲಿ ಬೋಳುತಲೆ ಇದ್ದವರಿಗೆ ಮಾತ್ರ ಕೂದಲು ಉದುರತೊಡಗುತ್ತದೆ. ಎಂದರೆ ಹಾರ್ಮೋನು ಒಂದೇ ಸಾಲದು, ಹುಟ್ಟಿನಿಂದ ಬಂದ ಗುಣವೊಂದೇ ಸಾಲದು; ಎರಡೂ ಕೂಡಬೇಕು.

ಶರೀರದಲ್ಲಿರುವ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನನ್ನು ಒಂದು ಕಿಣ್ವವು ಹೆಚ್ಚು ಪ್ರಬಲವಾದ ಡೈಹೈಡ್ರೊಟೆಸ್ಟೊಸ್ಟೆರೋನ್ ಆಗಿ ಮಾರ್ಪಡಿಸುತ್ತದೆ. ಹುಟ್ಟಿನಿಂದಲೇ ಇದಕ್ಕೆ ಸೂಕ್ಷ್ಮವಾಗಿರುವ ಕೂದಲಿನ ಬುಡಗಳು ಒಂದೊಂದು ಸುತ್ತಿಗೂ ಚಿಕ್ಕದಾಗುತ್ತವೆ. ಗೊಬ್ಬರ ಸಾಲದ ಹೊಲದಲ್ಲಿ ಪೈರು ಕುಳ್ಳಾಗುವಂತೆ ಕೂದಲು ಗಿಡ್ಡವೂ ನವಿರೂ ಆಗುತ್ತ ಕೊನೆಗೆ ಕಣ್ಣಿಗೆ ಕಾಣದಷ್ಟಾಗುತ್ತದೆ. (ಹೋಲಿಕೆ ಅಷ್ಟಕ್ಕೇ ಸೀಮಿತ, ಇಲ್ಲಿ ಗೊಬ್ಬರ ಹಾಕಿದರೆ ಪ್ರಯೋಜನವಿಲ್ಲ.) ಹಿಂದಲೆಯ ಬುಡಗಳಿಗೆ ಈ ಸೂಕ್ಷ್ಮತೆ ಇಲ್ಲದ ಕಾರಣ ಅಲ್ಲಿಯ ಕೂದಲು ಉಳಿಯುತ್ತದೆ.

"ತಾಯಿಯ ತಂದೆ ಬೋಳಾಗಿದ್ದರೆ ಮೊಮ್ಮಗನೂ ಬೋಳು" ಎಂಬ ಮಾತಿದೆ. ಇದರಲ್ಲಿ ಅರ್ಧ ಸತ್ಯವಿದೆ. ಮುಖ್ಯವಾದ ಒಂದು ಅಂಶ ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನಲ್ಲಿದೆ. ಆದರೆ ಬೇರೆ ಅನೇಕ ಅಂಶಗಳು ತಂದೆತಾಯಿಗಳಿಬ್ಬರಿಂದಲೂ ಬರುತ್ತವೆ. ಸೊಸೆಯ ತವರನ್ನು ದೂರುವುದಕ್ಕೆ ಇದು ಆಧಾರವಾಗಲಾರದು.

ಬೋರ್‌ವೆಲ್ಲಿನ ಗಡಸು ನೀರು ಕೂದಲನ್ನು ಒರಟಾಗಿಸಬಹುದು, ಬೋಳು ಮಾಡುವುದಿಲ್ಲ. ತಲೆಯ ಮೇಲೆ ಹೊರೆ ಹೊರುವುದರಿಂದಲೂ ಜಡೆಯನ್ನು ಬಿಗಿದು ಕಟ್ಟುವುದರಿಂದಲೂ ಕೂದಲು ತುಂಡಾಗಬಹುದು, ಕಿತ್ತುಬರಬಹುದು. ಅದು ಬೇರೆ ವಿಷಯ. ಮುಡಿ ಕೊಟ್ಟ ಮೇಲೆ ಕೂದಲು ದಟ್ಟವಾಗಿ ಬರುತ್ತದೆಂಬುದು ಕಣ್ಣಿನ ಭ್ರಮೆ. ಕತ್ತಿಯು ಚರ್ಮದ ಮೇಲಿನದನ್ನು ಕತ್ತರಿಸುತ್ತದೆಯೇ ಹೊರತು ಬುಡವನ್ನು ಮುಟ್ಟುವುದಿಲ್ಲ. ಹರಕೆಯನ್ನು ಭಕ್ತಿಗಾಗಿ ತೀರಿಸಿರಿ, ಕೂದಲಿನ ಆಸೆಗಾಗಿ ಬೇಡ. ಹಸ್ತಮೈಥುನದಿಂದಾಗಲಿ, ದಾಂಪತ್ಯ ಸುಖದಿಂದಾಗಲಿ ಕೂದಲು ಉದುರುವುದಿಲ್ಲ. ಬೋಳುತಲೆಯವರ ಪುರುಷತ್ವ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಬಾಣಂತಿಯರ ಕೂದಲು ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ

ಈ ವಿಷಯದಲ್ಲಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಬಸುರಿನಲ್ಲಿ ಹಾರ್ಮೋನುಗಳ ಪ್ರಭಾವದಿಂದ ಕೂದಲು ಉದುರುವುದು ಕಡಿಮೆಯಾಗಿ ತಲೆ ತುಂಬಿದಂತೆ ಕಾಣುತ್ತದೆ. ಹೆರಿಗೆಯ ನಂತರ ಆ ಪ್ರಭಾವ ತಗ್ಗಿದೊಡನೆ ಬಹಳಷ್ಟು ಬುಡಗಳು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತವೆ. ಎರಡರಿಂದ ನಾಲ್ಕು ತಿಂಗಳ ತರುವಾಯ, ಮಗು ತಾಯಿಯ ಮುಖ ನೋಡಿ ನಗುವ ದಿನಗಳಲ್ಲಿ, ತಾಯಿಯ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಇದು ವಂಶಪಾರಂಪರ್ಯದ್ದಲ್ಲ. ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ತಾನಾಗಿಯೇ ಸರಿಹೋಗುತ್ತದೆ.

ಎರಡನೆಯ ಹೆರಿಗೆಯಾದ ಕೆಲವೇ ದಿನಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 26 ವರ್ಷದ ಹೆಣ್ಣುಮಗಳೊಬ್ಬಳು ಮೂರು ತಿಂಗಳ ಮೇಲೆ ನಮ್ಮಲ್ಲಿಗೆ ಬಂದಳು. "ಆಪರೇಷನ್ನಿನ ಉಷ್ಣದಿಂದ ಕೂದಲು ಹೋಯಿತು" ಎಂದು ಅತ್ತೆಯವರು ದೃಢವಾಗಿ ನಂಬಿದ್ದರು. ಅದನ್ನು ಕೇಳಿ ಓರಗಿತ್ತಿ, ನಾಲ್ಕನೆಯ ಬಸುರಿನಲ್ಲಿದ್ದವಳು, ತಾನು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿದಿದ್ದಳು. ಪರೀಕ್ಷಿಸಿದಾಗ ಬಾಣಂತಿಯ ರಕ್ತದಲ್ಲಿ ಹಿಮೋಗ್ಲೋಬಿನ್ 7 ಗ್ರಾಂ ಮಾತ್ರ ಇತ್ತು. ಅವಳಿಗೆ ಆಯಾಸ, ಎದೆಬಡಿತ ಎಲ್ಲವೂ ಇದ್ದವು. ಮನೆಯವರ ಕಣ್ಣಿಗೆ ಬಿದ್ದದ್ದು ಕೂದಲು ಮಾತ್ರ. ರಕ್ತಹೀನತೆಗೆ ಚಿಕಿತ್ಸೆ ಮಾಡಿದೆವು. ಮಗುವಿನ ಹುಟ್ಟುಹಬ್ಬದ ವೇಳೆಗೆ ಹಣೆಯ ಅಂಚಿನಲ್ಲಿ ಹೊಸ ಕೂದಲು ಮೂಡಿತ್ತು. ಓರಗಿತ್ತಿಯೂ ಹೆರಿಗೆಯ ನಂತರ ಶಸ್ತ್ರಚಿಕಿತ್ಸೆಗೆ ಒಪ್ಪಿದಳು.

ಹೆಂಗಸರ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳವನ್ನು ಮಾತ್ರ ಮುಚ್ಚಲಾಗುತ್ತದೆ, ಅಂಡಾಶಯವನ್ನು ಮುಟ್ಟುವುದಿಲ್ಲ. ಗಂಡಸರ ವ್ಯಾಸೆಕ್ಟಮಿಯಲ್ಲಿ ವೀರ್ಯಾಣು ಸಾಗುವ ನಾಳವನ್ನು ಮಾತ್ರ ಕತ್ತರಿಸಿ ಕಟ್ಟಲಾಗುತ್ತದೆ. ವೃಷಣಗಳು ಎಂದಿನಂತೆ ಹಾರ್ಮೋನನ್ನು ರಕ್ತಕ್ಕೆ ಸೇರಿಸುತ್ತಲೇ ಇರುತ್ತವೆ. ಹಾರ್ಮೋನು ಬದಲಾಗದಿದ್ದ ಮೇಲೆ ಅದರಿಂದ ಬೋಳು ಬರುವ ಪ್ರಶ್ನೆಯೇ ಇಲ್ಲ. ಹಾರ್ಮೋನುಯುಕ್ತ ಗರ್ಭನಿರೋಧಕ ಗುಳಿಗೆ ಅಥವಾ ಚುಚ್ಚುಮದ್ದು ಬಳಸುವ ಕೆಲವರಲ್ಲಿ ಮಾತ್ರ ಕೂದಲಿನಲ್ಲಿ ವ್ಯತ್ಯಾಸ ಕಾಣಬಹುದು. ಹಾಗಾದಲ್ಲಿ ತಾವೇ ನಿಲ್ಲಿಸದೆ ಬಂದು ತಿಳಿಸಿರಿ, ಬೇರೆ ಕ್ರಮಗಳಿವೆ.

ರಕ್ತಹೀನತೆ ನಮ್ಮ ಹೆಂಗಸರಲ್ಲಿ ಎಷ್ಟು ವ್ಯಾಪಕವೆಂಬುದಕ್ಕೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಸಾಕ್ಷಿ: ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ ರಕ್ತಹೀನರು. ಆದುದರಿಂದ ಕೂದಲುದುರುವ ಹೆಂಗಸಿಗೆ ಎಣ್ಣೆ ಕೊಳ್ಳುವ ಮೊದಲು ರಕ್ತ ಪರೀಕ್ಷೆ ಮಾಡಿಸಿರಿ. ಟೈಫಾಯ್ಡ್, ಡೆಂಗಿ, ಚಿಕೂನ್‌ಗುನ್ಯ ಮೊದಲಾದ ತೀವ್ರ ಜ್ವರಗಳಾದ ಎರಡು ಮೂರು ತಿಂಗಳಿಗೂ, ಥೈರಾಯ್ಡ್ ದೋಷದಿಂದಲೂ ಹೀಗಾಗುತ್ತದೆ. ಮುಟ್ಟು ತಪ್ಪಿತಪ್ಪಿ ಬರುವುದು, ಮೊಡವೆ, ಗಲ್ಲದ ಮೇಲೆ ಕೂದಲು ಬೆಳೆಯುವುದು, ಇವುಗಳ ಜೊತೆಗೆ ಬೈತಲೆ ಅಗಲವಾಗುತ್ತಿದ್ದರೆ ಅಂಡಾಶಯದ ತೊಂದರೆ ಇರಬಹುದು. ಮಕ್ಕಳಾಗಲು ತಡವಾಗುವುದಕ್ಕೂ ಅದೇ ಕಾರಣವಾಗಿರಬಹುದು, ಎರಡಕ್ಕೂ ಚಿಕಿತ್ಸೆಯುಂಟು. ಬಿಲ್ಲೆಯಾಕಾರದಲ್ಲಿ ಇದ್ದಕ್ಕಿದ್ದಂತೆ ಕೂದಲು ಹೋದರೆ, ಅಥವಾ ಮಕ್ಕಳ ತಲೆಯಲ್ಲಿ ಹೊಟ್ಟು, ಕೆರೆತದೊಡನೆ ಹೋದರೆ ಅವು ಬೇರೆಯೇ ರೋಗಗಳು.

ಚಿಕಿತ್ಸೆ

ವಂಶಪಾರಂಪರ್ಯ ಬೋಳಿಗೆ ಚಿಕಿತ್ಸೆ ಮಾಡಿಸಲೇಬೇಕೆಂದಿಲ್ಲ. ಶರೀರಕ್ಕೆ ಇದರಿಂದ ತೊಂದರೆ ಇಲ್ಲ; ಬಿಸಿಲಿನಲ್ಲಿ ದುಡಿಯುವವರು ತಲೆಗೆ ವಸ್ತ್ರ ಸುತ್ತಿಕೊಂಡರೆ ಸಾಕು. ಬೇಕೆನ್ನುವವರಿಗೆ ಪ್ರಯೋಜನ ಸಿದ್ಧಪಟ್ಟ ಔಷಧಗಳು ಬೆರಳೆಣಿಕೆಯಷ್ಟು ಮಾತ್ರ.

ಮೊದಲನೆಯದು ಮಿನಾಕ್ಸಿಡಿಲ್ ದ್ರಾವಣ. ಇದು ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಬೆಳೆದದ್ದನ್ನು ಕಂಡು ತಲೆಗೆ ಹಚ್ಚುವ ದ್ರಾವಣವನ್ನು ತಯಾರಿಸಲಾಯಿತು. 1988ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಒಣಗಿದ ತಲೆಯ ಚರ್ಮಕ್ಕೆ, ಕೂದಲಿಗಲ್ಲ, ಪ್ರತಿ ಸಲ ಒಂದು ಮಿಲಿಲೀಟರಿನಂತೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಹಚ್ಚಬೇಕು. ಮೊದಲ ಕೆಲವು ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು. ಹಳೆಯದನ್ನು ತಳ್ಳಿ ಹೊಸದು ಬರುವ ಲಕ್ಷಣವದು. ಆದರೆ ಅನೇಕರು ಹೆದರಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಕೆಲವೇ ತಿಂಗಳುಗಳಲ್ಲಿ ಬಂದದ್ದು ಹೋಗುತ್ತದೆ. ಆದುದರಿಂದ ವರ್ಷಗಟ್ಟಲೆ ಕೊಳ್ಳುವ ಶಕ್ತಿ ಇದೆಯೇ ಎಂಬುದನ್ನು ಮೊದಲು ಲೆಕ್ಕ ಹಾಕಿರಿ. ಕೆರೆತ, ಹೆಂಗಸರಿಗೆ ಮುಖದಲ್ಲಿ ಕೂದಲು, ಅಪರೂಪಕ್ಕೆ ಎದೆಬಡಿತ ಉಂಟಾಗಬಹುದು. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಇದನ್ನು ಹಚ್ಚಬಾರದು. ಸೀಸೆಯು ಮಕ್ಕಳ ಕೈಗೆ ಸಿಗದಿರಲಿ. ಮನೆಯ ಬೆಕ್ಕು ನೆಕ್ಕಿದರೆ ಅದರ ಪ್ರಾಣಕ್ಕೇ ಅಪಾಯ.

ಎರಡನೆಯದು ಗಂಡಸರಿಗಾಗಿ ಇರುವ ಫಿನಾಸ್ಟೆರೈಡ್ ಮಾತ್ರೆ. ದಿನಕ್ಕೆ ಒಂದು ಮಿಲಿಗ್ರಾಂ ಪ್ರಮಾಣದಲ್ಲಿ ಇದನ್ನು ಕೂದಲಿಗಾಗಿ ಬಳಸಲು 1997ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಮೇಲೆ ಹೇಳಿದ ಕಿಣ್ವವನ್ನು ಇದು ತಡೆಯುತ್ತದೆ. ಇದರ ಗುಣವನ್ನೂ ಅಪಾಯವನ್ನೂ ಒಂದೇ ಉದಾಹರಣೆಯಿಂದ ತಿಳಿಯಬಹುದು. ಡೊಮಿನಿಕನ್ ಗಣರಾಜ್ಯದಲ್ಲಿ ಹುಟ್ಟಿನಿಂದಲೇ ಆ ಕಿಣ್ವದ ಕೊರತೆಯಿರುವ ಕೆಲವು ಕುಟುಂಬಗಳನ್ನು ಕುರಿತ ಅಧ್ಯಯನ 1974ರಲ್ಲಿ ಪ್ರಕಟವಾಯಿತು. ಆ ಕುಟುಂಬಗಳ ಗಂಡಸರಿಗೆ ಬೋಳು ಬರುವುದಿಲ್ಲ. ಆದರೆ ಅವರು ಹುಟ್ಟಿದಾಗ ಜನನಾಂಗ ಹೆಣ್ಣುಮಕ್ಕಳದರಂತೆ ಕಾಣುತ್ತದೆ. ಏಕೆಂದರೆ ಗರ್ಭದಲ್ಲಿ ಗಂಡು ಶಿಶುವಿನ ಹೊರ ಜನನಾಂಗವನ್ನು ರೂಪಿಸುವುದೂ ಅದೇ ಹಾರ್ಮೋನು. ಆದುದರಿಂದ ಗರ್ಭಿಣಿಯಾಗಿರುವ ಅಥವಾ ಆಗಬಹುದಾದ ಹೆಂಗಸು ಈ ಮಾತ್ರೆಯನ್ನು ಎಂದಿಗೂ ನುಂಗಬಾರದು. ಒಡೆದ ಅಥವಾ ಪುಡಿಯಾದ ಮಾತ್ರೆಯನ್ನು ಮುಟ್ಟಲೂಬಾರದು.

ಮುಟ್ಟು ನಿಂತು ಹತ್ತು ದಿನಗಳಾದ ಒಬ್ಬ ಗೃಹಿಣಿಯನ್ನು ವಿಚಾರಿಸಿದಾಗ, ಹಣ ಉಳಿಸಲೆಂದು ಐದು ಮಿಲಿಗ್ರಾಂ ಮಾತ್ರೆಯನ್ನು ಪ್ರತಿದಿನ ಚಾಕುವಿನಿಂದ ನಾಲ್ಕು ತುಂಡು ಮಾಡಿ ಗಂಡನಿಗೆ ಕೊಡುತ್ತಿದ್ದವಳು ತಾನೇ ಎಂದು ಹೇಳಿದಳು. ಮಾತ್ರೆಯನ್ನು ತಂದಿದ್ದು ಗೆಳೆಯನೊಬ್ಬನ ಮಾತಿನ ಮೇಲೆ; ವೈದ್ಯರ ಚೀಟಿ ಇರಲಿಲ್ಲ. ಪುಣ್ಯಕ್ಕೆ ಪರೀಕ್ಷೆಯಲ್ಲಿ ಗರ್ಭ ನಿಂತಿರಲಿಲ್ಲ. ಗಂಡ ನುಂಗಿದ ಮಾತ್ರೆಯ ಅಂಶ ವೀರ್ಯದಲ್ಲಿ ಅತ್ಯಲ್ಪವಾಗಿರುತ್ತದೆ, ಅದಕ್ಕಾಗಿ ಭಯಪಡಬೇಕಾಗಿಲ್ಲ. ಆದರೆ ಕೆಲವು ಗಂಡಸರಿಗೆ ಕಾಮಾಸಕ್ತಿ ಕುಗ್ಗುವುದು, ನಿಮಿರುವಿಕೆಯಲ್ಲಿ ತೊಂದರೆ, ವೀರ್ಯಾಣು ಕಡಿಮೆಯಾಗುವುದು, ಮನಸ್ಸು ಮಂಕಾಗುವುದು ಉಂಟು. ಮಗುವನ್ನು ಬಯಸುವ ದಂಪತಿಗಳು ಮಾತ್ರೆಯ ವಿಷಯವನ್ನು ವೈದ್ಯರಿಂದ ಮರೆಮಾಚಬಾರದು. ಮಾತ್ರೆ ನಿಲ್ಲಿಸಿ ಒಂದು ತಿಂಗಳಾಗುವವರೆಗೆ ರಕ್ತದಾನವನ್ನೂ ಮಾಡಬಾರದು, ಏಕೆಂದರೆ ಆ ರಕ್ತ ಗರ್ಭಿಣಿಗೆ ಹೋಗಬಹುದು.

ಹಿಂದಲೆಯ ಬುಡಗಳನ್ನು ತೆಗೆದು ನೆತ್ತಿಯಲ್ಲಿ ನೆಡುವ ಶಸ್ತ್ರಚಿಕಿತ್ಸೆಯೂ ಇದೆ. ದುಬಾರಿ, ಉಳಿದ ಕೂದಲನ್ನು ಕಾಪಾಡಲು ಔಷಧ ತಪ್ಪುವುದಿಲ್ಲ. ಇದನ್ನು ತರಬೇತಾದ ವೈದ್ಯರೇ ಮಾಡಬೇಕು, ಕ್ಷೌರದಂಗಡಿಯ ಮೇಲ್ಮಹಡಿಯಲ್ಲಲ್ಲ.

ಇನ್ನು ಜಾತ್ರೆಯಲ್ಲಿ, ಸಂತೆಯಲ್ಲಿ, ಈಚೆಗೆ ಮೊಬೈಲಿನಲ್ಲಿ ಮಾರಾಟವಾಗುವ ಎಣ್ಣೆಗಳು. ಕೊಬ್ಬರಿ ಎಣ್ಣೆ ಕೂದಲಿನ ಎಳೆಯನ್ನು ಮೃದುವಾಗಿಡುತ್ತದೆ, ಹಚ್ಚಿಕೊಳ್ಳಿರಿ. ಆದರೆ ಎಣ್ಣೆಯಿಂದ ಬೋಳು ತುಂಬುವುದಿಲ್ಲ. 1945ರ ಔಷಧ ನಿಯಮಗಳ 'ಜೆ' ಅನುಸೂಚಿಯಲ್ಲಿ, ಗುಣಪಡಿಸುತ್ತೇವೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯಿದೆ. ಬೋಳುತಲೆಯೂ ಅದರಲ್ಲಿ ಸೇರಿದೆ. ಹೆಸರಿಲ್ಲದ ಡಬ್ಬಿಯ ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಚರ್ಮವೇ ತೆಳ್ಳಗಾಗಿಬಿಡುತ್ತದೆ.

ಆರೋಗ್ಯ ಕೇಂದ್ರಕ್ಕೆ ಬರುವಾಗ ಇದುವರೆಗೆ ಹಚ್ಚಿದ, ನುಂಗಿದ ಎಲ್ಲದರ ಡಬ್ಬಿ, ಚೀಟಿಗಳನ್ನು ನಾಚಿಕೆಪಡದೆ ತನ್ನಿರಿ. ಹೆರಿಗೆಯಾದ ದಿನಾಂಕ, ಕೊನೆಯ ಮುಟ್ಟಿನ ದಿನಾಂಕ, ಈಚಿನ ಜ್ವರ, ಬಳಸುತ್ತಿರುವ ಗರ್ಭನಿರೋಧಕ, ಇವನ್ನು ತಿಳಿಸಿರಿ. ತಾಯಿ ಕಾರ್ಡಿದ್ದರೆ ಅದನ್ನೂ ತನ್ನಿರಿ. ಹಿಮೋಗ್ಲೋಬಿನ್ ಪರೀಕ್ಷೆಯೂ ಕಬ್ಬಿಣಾಂಶದ ಮಾತ್ರೆಯೂ ಉಚಿತ. ಮಾತ್ರೆಯನ್ನು ಕಾಫಿ, ಚಹಾದೊಡನೆ ಮಾತ್ರ ನುಂಗಬೇಡಿರಿ. ಗಂಡಸರಿಗೂ ಇದೇ ಸಾಲು, ಇದೇ ಕೊಠಡಿ. ಟವೆಲ್ಲನ್ನು ಬಿಚ್ಚಿ ತಲೆ ತೋರಿಸಿದರೆ ಪರೀಕ್ಷೆಗೆ ಎರಡು ನಿಮಿಷವೂ ಬೇಕಾಗುವುದಿಲ್ಲ.