ಹುಡುಗರಿಗೆ ಕಸುಬು ಆರಿಸುವ ವಿಷಯ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲ ಬಂದ ಕೂಡಲೆ ಮಾನ್ವಿ, ದೇವದುರ್ಗ ಸೀಮೆಯ ಮನೆಗಳಲ್ಲಿ ಹಣದ ಮಾತು ಮೊದಲಾಗುವದು. ಫೀಸು ಎಷ್ಟು, ಸಾಲ ಯಾರಲ್ಲಿ, ಹುಡುಗನು ಎಂದಿಗೆ ದುಡಿದು ತಂದಾನು ಎಂದು ಲೆಕ್ಕ ಹಾಕುವರು. ಅವನು ಯಾವದಕ್ಕೆ ತಕ್ಕವನೆಂದು ಕೇಳುವವರು ವಿರಳ. ಲೆಕ್ಕ ಕೂಡದಿದ್ದರೆ ಮೇಸ್ತ್ರಿಯಿಂದ ಮುಂಗಡ ತಕ್ಕೊಂಡು ಅವನನ್ನು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಕಳುಹಿಸುವದೂ ಉಂಟು. ಹಣ ಉಳಿಸುವ ಬುದ್ಧಿಯನ್ನು ಕಲಿಸಲೇಬೇಕು. ಆದರೆ ಯಾವ ಬೆಳೆ ಇಡಬೇಕೆಂದು ತಿಳಿಯದೆ ಗೊಬ್ಬರಕ್ಕೆ ಸಾಲ ಮಾಡುವ ಒಕ್ಕಲಿಗನುಂಟೋ?

ಆದಕಾರಣ ಮೊದಲು ಮಗುವನ್ನು ನೋಡಿ ತಿಳಿಯಬೇಕು. ಇದಕ್ಕೆ ಪಂಡಿತರು ಬೇಕಿಲ್ಲ. ಕೆಟ್ಟ ಪಂಪನ್ನು ಬಿಚ್ಚುವಾಗ ಕರೆಯದೆ ಬಂದು ಕೂಡ್ರುವವಳಾರು? ಹತ್ತಿ ತೂಗುವಾಗ ದಲಾಲನ ಲೆಕ್ಕದ ತಪ್ಪನ್ನು ಹಿಡಿಯುವವನಾರು? ಕುರಿಮರಿಗೆ ಬೇನೆ ಬಂದರೆ ರಾತ್ರಿ ಎದ್ದು ನೋಡುವವರಾರು? ಒಂದು ಬೇಸಿಗೆಯ ರಜೆಯೆಲ್ಲಾ ಇದನ್ನು ಗಮನಿಸಿರಿ. ಬಳಿಕ ಮಗುವನ್ನೇ ಕೇಳಿರಿ. ಹೆಣ್ಣುಮಕ್ಕಳನ್ನು ಕೇಳದೆ ಬಿಡುವವರೇ ಬಹಳ. ಇದು ನಮಗೆ ಸರಿದೋರುವದಿಲ್ಲ.

ಮಗುವು ಕಾಣದ ಕೆಲಸವನ್ನು ಬಯಸಲಾರದು. ಹಳ್ಳಿಯ ಹುಡುಗನು ಮಾಸ್ತರನನ್ನೂ ಪೊಲೀಸನನ್ನೂ ಬಸ್ಸಿನ ಡ್ರೈವರನನ್ನೂ ಮಾತ್ರ ಕಂಡಿರುವನು. ಆ ಮೂರರಲ್ಲಿ ಒಂದನ್ನೇ ಹೇಳುವನು. ನಮ್ಮ ಜಿಲ್ಲೆಯಲ್ಲಿಯೋ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ತು ತಯಾರಾಗುವದು. ಹಟ್ಟಿಯಲ್ಲಿ ಚಿನ್ನದ ಗಣಿ ಉಂಟು. ರಾಯಚೂರು ನಗರದಲ್ಲಿ ಹತ್ತಿ ಜಿನ್ನುಗಳೂ ಅಕ್ಕಿ ಗಿರಣಿಗಳೂ ಕೃಷಿ ವಿಶ್ವವಿದ್ಯಾಲಯವೂ ಉಂಟು. ತುಂಗಭದ್ರೆಯ ಎಡದಂಡೆ ಕಾಲುವೆಯು ಮಾನ್ವಿಗೂ ನಾರಾಯಣಪುರದ ಬಲದಂಡೆ ಕಾಲುವೆಯು ದೇವದುರ್ಗಕ್ಕೂ ನೀರು ತಂದ ಮೇಲೆ ಟ್ರ್ಯಾಕ್ಟರು, ಪಂಪುಗಳನ್ನು ದುರಸ್ತು ಮಾಡುವವರು ಊರೂರಿಗೆ ಬೇಕಾಗಿರುವರು. ಇವುಗಳಲ್ಲಿ ಎರಡನ್ನಾದರೂ ಮಕ್ಕಳಿಗೆ ತೋರಿಸಿ, ಅಲ್ಲಿ ದುಡಿಯುವವರೊಡನೆ ಮಾತಾಡಿಸಿರಿ.

ಕಲಿಯುವ ಕಾಲವನ್ನೂ ತಿಳಿಸಬೇಕು. ಐ.ಟಿ.ಐ.ಯಲ್ಲಿ ವೆಲ್ಡರಿನ ಕಸುಬಿಗೆ 1 ವರುಷ, ಎಲೆಕ್ಟ್ರಿಷಿಯನ್ನಿಗೆ 2 ವರುಷ; ಪಾಲಿಟೆಕ್ನಿಕ್ಕಿನ ಡಿಪ್ಲೊಮಾಕ್ಕೆ 3 ವರುಷ. ಇದಲ್ಲದೆ 2012ರಲ್ಲಿ ಅಂಗೀಕಾರವಾದ ಸಂವಿಧಾನದ 371(ಜೆ) ವಿಧಿಯಿಂದ ನಮ್ಮ ಭಾಗದ ಮಕ್ಕಳಿಗೆ ವಿದ್ಯಾಲಯಗಳಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಮೀಸಲು ಸ್ಥಾನ ದೊರೆಯುವದು. ಜಾತಿಯ ಪತ್ರದ ವಿಷಯದಲ್ಲಿ ನಮ್ಮವರು ಬಹಳ ತೊಡಕು ಕಂಡವರು. ಇದಾದರೋ ಹುಟ್ಟಿದ ಇಲ್ಲವೆ ಬಹುಕಾಲ ನೆಲೆಸಿದ ಸೀಮೆಯನ್ನು ನೋಡಿ ಕೊಡತಕ್ಕದ್ದು, ಮತವನ್ನು ನೋಡಿ ಅಲ್ಲ. ಆ ಪತ್ರವನ್ನು ಉಪವಿಭಾಗಾಧಿಕಾರಿಯವರ ಕಚೇರಿಯಿಂದ ಮುಂಚಿತವಾಗಿ ಪಡೆದಿಡಿರಿ.

ಇಷ್ಟಾದ ಮೇಲೆ ಬ್ಯಾಂಕಿನ ಖಾತೆಯ ಪಾಠ. ಪಂಪಿನ ಬಳಿ ಕೂತಿದ್ದ ಆ ಹುಡುಗಿಯು ಎಲೆಕ್ಟ್ರಿಷಿಯನ್ ಕಲಿಯುವೆನೆಂದು ನಿಶ್ಚಯಿಸಿದರೆ, 2 ವರುಷದ ಬಸ್ಸಿಗೆ ಎಷ್ಟು, ಇಕ್ಕಳ ಟೆಸ್ಟರುಗಳಿಗೆ ಎಷ್ಟು, ತಿಂಗಳಿಗೆ ಎಷ್ಟು ಕೂಡಿಡಬೇಕು ಎಂಬದನ್ನು ತಾನೇ ಬರೆದು ತಂದೆಯ ಮುಂದೆ ಇಡುವಳು.